ತನುಜ ಅಳಿಸಿದ ಶ್ರೀಕಾರ

ಯೋಗನರಸಿಂಹನಿಗೆ ತನುಜಳನ್ನು ಕಂಡರೆ ಆಗುತ್ತಿರಲಿಲ್ಲ. ಅವಳಿಗೂ ಅವನನ್ನು ಕಂಡರೆ ಮೈಯೆಲ್ಲ ಉರಿ. 2008ರ ಆ ಶುಕ್ರವಾರ ಅವಳ ಆರು ತಿಂಗಳ ಪರೀಕ್ಷಾವಧಿ ಮುಗಿಯುತ್ತಿತ್ತು. ಕೆಲಸ ಕಾಯಂ ಮಾಡುವ ಪತ್ರಕ್ಕೆ ಸಹಿ ಹಾಕಬೇಕಾದ ಯಜಮಾನ ಅವನೇ.

ಗೌರಿಬಿದನೂರಿನ ಆ ಮಹಡಿ ಆಫೀಸಿನಲ್ಲಿ ಯಂತ್ರಗಳ ಸರ್ಕ್ಯೂಟ್ ಬೋರ್ಡಿಗೆ ಫರ್ಮ್‌ವೇರ್, ಅಂದರೆ ಸ್ವಿಚ್ ಹಾಕಿದೊಡನೆ ಎದ್ದು ಕೂರುವ ಪ್ರೋಗ್ರಾಮ್, ಬರೆಯುತ್ತಿದ್ದರು. ಬೋರ್ಡು ಬರುವ ಮುಂಚೆ ಅದನ್ನು ಓಡಿಸಿ ನೋಡಲು ಕಂಪ್ಯೂಟರಿನೊಳಗೇ ಎಮ್ಯುಲೇಟರ್ ಎಂಬ ಹುಸಿ ಯಂತ್ರ. ಅದಕ್ಕೊಂದು ಹುಸಿ ಡಿಸ್ಕ್. ಅದೂ ಬರೀ ಒಂದು ಫೈಲು. ಡಿಸ್ಕ್ ಸಿದ್ಧಮಾಡಿ ಪ್ರೋಗ್ರಾಮನ್ನು ಅದರೊಳಗೆ ಇಡುವುದು ತನುಜಳ ಪಾಲಿನ ಕೆಲಸ.

ಅವಳ ಕಂಪ್ಯೂಟರಿನಲ್ಲಿ ಚೆನ್ನಾಗಿ ಓಡುತ್ತಿದ್ದ ಡಿಸ್ಕ್ ಯಜಮಾನನ ಕಂಪ್ಯೂಟರಿಗೆ ಹೋದೊಡನೆ ಕೈಕೊಡುತ್ತಿತ್ತು. ಡಿಸ್ಕೇ ಇಲ್ಲ ಎಂದು ಎಮ್ಯುಲೇಟರ್ ಹಠ ಹಿಡಿಯುತ್ತಿತ್ತು. ಹೊಸದಾಗಿ ಫಾರ್ಮ್ಯಾಟ್ ಮಾಡಿದಳು, ಸೆಟ್ಟಿಂಗ್ ಬದಲಿಸಿದಳು. ನಾಲ್ಕು ದಿನವೂ ಅದೇ ಪಾಡು.

“ನಿನ್ ಹತ್ರ ಓಡುತ್ತೆ, ನನ್ ಹತ್ರ ಓಡಲ್ಲ ಅಂದ್ರೆ ಏನಮ್ಮಾ ಅರ್ಥ? ಆಫೀಸ್ ಪೂಜೆಗೆ ಬರದೋರ ಕೈಗುಣ ಹಿಂಗೇ,” ಎಂದ ಅವನು, ಅವಳ ಮೇಜಿನ ಮೇಲಿದ್ದ ಬುದ್ಧನ ಪಟ ನೋಡುತ್ತ. “ಮೂರು ಗಂಟೆಗೆ ಕುಡುಮಲಕುಂಟೆ ಫ್ಯಾಕ್ಟರಿಯಿಂದ ನಮ್ ಗಿರಾಕಿ ಚೆನ್ನರಾಯಪ್ಪನೋರು ಬರ್ತಾರೆ. ಅವರ ಮುಂದೆ ಓಡ್ಲಿಲ್ಲ ಅಂದ್ರೆ ಸೋಮವಾರದಿಂದ ನೀನು ಬರೋದೇ ಬೇಡ.”

ತನುಜ ಹಲ್ಲು ಕಚ್ಚಿದಳು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇಲ್ಲಿ ಕುಣಿಯಬಲ್ಲವಳ ಕಾಲಡಿಯ ನೆಲವನ್ನೇ ಯಾರೋ ಡೊಂಕು ಮಾಡುತ್ತಿದ್ದರು.

ಅವನು ಊಟಕ್ಕೆ ಹೋದಾಗ ಅವನ ಫೈಲನ್ನೂ ತನ್ನದನ್ನೂ ಅಕ್ಕಪಕ್ಕ ಇಟ್ಟು ನೋಡಿದಳು. ಅವನದು ಸರಿಯಾಗಿ ನಾಲ್ಕು ಬೈಟು, ಅಂದರೆ ನಾಲ್ಕು ಅಕ್ಷರದಷ್ಟು, ಹೆಚ್ಚು. ಎಡಿಟರಿನಲ್ಲಿ ತೆರೆದರೆ ಮೊಟ್ಟಮೊದಲಿಗೆ ಇಂಗ್ಲಿಷಿನ ನಾಲ್ಕು ಅಕ್ಷರದಲ್ಲಿ ‘ಶ್ರೀ’! ಹೊಸ ಪುಸ್ತಕಕ್ಕೆ ಶ್ರೀಕಾರ ಹಾಕದೆ ಒಂದಕ್ಷರ ಬರೆಯದ ಮನೆತನ ಅವನದು. ಹೊಸ ಡಿಸ್ಕಿಗೂ ಅದೇ ಶಾಸ್ತ್ರ ಮಾಡಿದ್ದ, ಪುಣ್ಯಾತ್ಮ. ನಾಲ್ಕು ಅಕ್ಷರ ಮುಂದೆ ಬಂದು ಕೂತು, ಉಳಿದದ್ದೆಲ್ಲ ನಾಲ್ಕು ಸ್ಥಾನ ಹಿಂದೆ ಸರಿದಿತ್ತು. ಇರಬೇಕಾದ ಜಾಗದಲ್ಲಿ ಯಾವುದೂ ಇಲ್ಲದಿದ್ದರೆ ಎಮ್ಯುಲೇಟರ್ ತಾನೇ ಏನು ಮಾಡೀತು? ಇಷ್ಟಕ್ಕೆ ನಾಲ್ಕು ದಿನ ಬೈಸಿಕೊಂಡೆನಲ್ಲ ಎಂದು ಅವಳಿಗೆ ಕಣ್ಣು ಕತ್ತಲೆ ಬರುವಷ್ಟು ಸಿಟ್ಟು ಬಂತು.

ಮೂರು ಗಂಟೆಗೆ, ಚೆನ್ನರಾಯಪ್ಪನವರ ಎದುರಿಗೇ, ಅವನ ಕಂಪ್ಯೂಟರಿನ ಮುಂದೆ ಕೂತು ಆ ನಾಲ್ಕು ಅಕ್ಷರಗಳನ್ನು ಅಳಿಸಿದಳು.

“ಏಯ್! ಶ್ರೀಕಾರಾನೇ ಅಳಿಸ್ತೀಯಾ?”

“ಇದನ್ನ ಹಾಕಿದ್ದು ನೀವೇ ಅಲ್ವಾ ಸಾರ್? ಈಗ ನೋಡಿ.”

ಪ್ರೋಗ್ರಾಮ್ ಓಡಿತು. ಯೋಗನರಸಿಂಹನ ಮುಖ ಇಂಗು ತಿಂದ ಮಂಗನಂತಾಯಿತು.

“ನಮ್ ಕೆಲಸ ಈಯಮ್ಮನೇ ನೋಡ್ಕೊಳ್ಲಿ ಸಾಮಿ, ಬೇರೆಯೋರು ಬೇಡ,” ಎಂದರು ಚೆನ್ನರಾಯಪ್ಪ.

ಗಿರಾಕಿಯ ಮಾತು ಮೀರುವಂತಿಲ್ಲ. ಸಂಜೆ ಯೋಗನರಸಿಂಹ ಪತ್ರಕ್ಕೆ ಸಹಿ ಗೀಚಿ ಅವಳ ಮೇಜಿನ ಮೇಲೆ ಎಸೆದ. ಅದರ ನೆತ್ತಿಯ ಮೇಲೂ ಶ್ರೀಕಾರವಿತ್ತು.

“ಇಲ್ಲಿ ಎಷ್ಟಾದ್ರೂ ಬರ್ಕೊಳ್ಳಿ ಸಾರ್,” ಎಂದಳು ಅವಳು, ಪತ್ರ ಮಡಿಸುತ್ತ. ಸೋಮವಾರ ಹೊಸ ಡಿಸ್ಕನ್ನು ಅವನು ಒಂದಕ್ಷರವನ್ನೂ ತಿದ್ದಲಾಗದಂತೆ ಬೀಗ ಹಾಕಿಯೇ ಕೊಟ್ಟಳು.