ಎಲಿಪ್ಟಿಕಲ್ ತಂದೆವು, ಮಾಳಿಗೆ ಅಳೆಯಲಿಲ್ಲ

ಟಣ್ ಅಂತ ಸದ್ದಾಯಿತು. ನನ್ನ ತಲೆ ಮಾಳಿಗೆಯ ಕಲ್ಲಿಗೆ ಬಡಿದಿತ್ತು.

ಅಡುಗೆಮನೆಯಿಂದ ಓಡಿ ಬಂದ ಅತ್ತೆ ಮೊದಲು ನೋಡಿದ್ದು ನನ್ನನ್ನಲ್ಲ, ಮೇಲಕ್ಕೆ. "ಯವ್ವಾ, ಕಲ್ಲು ಸರದದೇನ್ ನೋಡು!"

ಕಲ್ಲಿಗೆ ಏನೂ ಆಗಿರಲಿಲ್ಲ. ನನ್ನ ನೆತ್ತಿಯ ಮೇಲೆ ಮಾತ್ರ ನಿಂಬೆಹಣ್ಣಿನಷ್ಟು ಬುಗುಟೆ ಎದ್ದಿತ್ತು...

ಊರಿನ ಬೋರ್ಡುಗಳಲ್ಲಿ ಕಲಬುರಗಿ ಇನ್ನೂ ಗುಲ್ಬರ್ಗಾ ಆಗಿದ್ದ ಕಾಲ. ನಾನು ಸೇಡಂನಲ್ಲಿ ಶಾಲೆ ಟೀಚರ್. ಡಾಕ್ಟರು ರಿಪೋರ್ಟ್ ನೋಡಿ, ಶುಗರ್ ಅಂಚಿಗೆ ಬಂದು ನಿಂತಿದೆ, ದೀಪಾವಳಿಯೊಳಗೆ ತೂಕ ಇಳಿಸಿ, ಇಲ್ಲದಿದ್ದರೆ ಮಾತ್ರೆ ಶುರು ಎಂದಿದ್ದರು.

ಮಾತ್ರೆ ಅಂದರೆ ನನಗೆ ಎದೆ ಧಸಕ್ ಅನ್ನುತ್ತದೆ. ನಮ್ಮವ್ವ ಹೋದಲ್ಲೆಲ್ಲ ಮಾತ್ರೆಯ ಸ್ಟೀಲ್ ಡಬ್ಬಿ ಹಿಡಿದುಕೊಂಡೇ ಬದುಕಿದಾಕೆ. ಕೊನೆಗೆ ಶುಗರ್ ಆಕೆಯ ಕಣ್ಣನ್ನೂ ತಿಂದಿತು.

ಆಕೆ ಹೋದ ಮೇಲೆ ಆ ಖಾಲಿ ಡಬ್ಬಿ ನನ್ನ ಕಪಾಟಿಗೆ ಬಂತು. ಅದನ್ನು ಕಂಡಾಗಲೆಲ್ಲ ಮುಂದಿನ ಪಾಳಿ ನಂದೇ ಅನಿಸುತ್ತಿತ್ತು.

ವಾಕಿಂಗ್ ಮಾಡಿದರಾಯಿತಲ್ಲ ಅಂತೀರಿ. ಮಾಡಿದೆನಪ್ಪಾ, ಅದನ್ನೂ ಮಾಡಿದೆ!

ನಮ್ಮ ಓಣಿಯಲ್ಲಿ ಬಾಗಿಲ ಮುಂದೆ ಹಾದು ಹೋಗುವವರನ್ನು ಸುಮ್ಮನೆ ಬಿಡುವ ರೂಢಿ ಇಲ್ಲ. "ಎಲ್ಲಿಗೆ ಹೊಂಟೀರಿ ಟೀಚರ್? ಬರ್ರಿ, ಕುಂದ್ರಿ, ಚಾ ಕುಡುದು ಹೋಗ್ರಿ." ಒಬ್ಬರ ಮನೆಯಲ್ಲಿ ಕುಡಿದು ಇನ್ನೊಬ್ಬರ ಮನೆಯಲ್ಲಿ ಬೇಡ ಅಂದರೆ ಅವರಿಗೆ ಸಿಟ್ಟು.

ಎದುರುಮನೆ ನೀಲಮ್ಮ ಅಂತೂ ಚಾ ಜೊತೆ ಒಗ್ಗರಣೆ ಹಾಕಿದ ಚುರುಮುರಿ ಸುಸಲಾ ತಿನ್ನಿಸದೆ ಹೊಸ್ತಿಲು ದಾಟಲು ಬಿಡುವಾಕೆಯಲ್ಲ. ವಾಕಿಂಗ್ ಶುರು ಮಾಡಿದ ಮೇಲೆ ನನ್ನ ತೂಕ ಏರಿತು ಮಾರಾಯ್ರೆ!

ಹಾಗಾಗಿ ಮನೆಯೊಳಗೇ ಮಷೀನ್ ತರುವುದು ಅಂತಾಯಿತು. ವಾಡಿಯ ಸಿಮೆಂಟ್ ಕಾಲೊನಿಯಲ್ಲಿದ್ದ ನಮ್ಮ ಮನೆಯವರ ಗೆಳೆಯರಿಗೆ ಆಗಷ್ಟೇ ವರ್ಗ ಆಗಿತ್ತು. ಅವರ ಹತ್ತಿರ ಟ್ರೆಡ್‌ಮಿಲ್ಲೂ ಇತ್ತು, ಎಲಿಪ್ಟಿಕಲ್ಲೂ ಇತ್ತು. ಬಂದು ನೋಡಿ, ಬೇಕಾದ್ದನ್ನು ಒಯ್ಯಿರಿ ಅಂದರು.

ನಮ್ಮ ಮನೆಯವರು ಟ್ರೆಡ್‌ಮಿಲ್ ಪಾರ್ಟಿ. "ನಡಿಯೋದಂದ್ರ ನಡಿಯೋದು. ಆ ಇನ್ನೊಂದು ನಿಂತು ಸೈಕಲ್ ತುಳದಂಗ ಅದ. ಅದ್ರಾಗ ಏನ್ ಕರಗ್ತದ?"

ಆಯಿತು ಅಂತ ಸೆರಗು ಸಿಕ್ಕಿಸಿ ಟ್ರೆಡ್‌ಮಿಲ್ ಏರಿದೆ. ಹೆಜ್ಜೆ ಬಿದ್ದಾಗಲೆಲ್ಲ ಮಂಡಿ ಚುರ್ ಅನ್ನುತ್ತಿತ್ತು. ಇನ್ನೇನು ಬೆವರು ಬರಬೇಕು, ಕರೆಂಟ್ ಹೋಯಿತು. ಪಟ್ಟಿ ನಿಂತಿತು, ನಾನು ನಿಲ್ಲಲಿಲ್ಲ. ಮುಂದಿನ ಹಿಡಿಕೆ ತಬ್ಬಿಕೊಂಡು ಹೇಗೋ ಬಚಾವಾದೆ.

ಫ್ಯಾಕ್ಟರಿ ಕಾಲೊನಿಯಲ್ಲೇ ಕರೆಂಟ್ ಹೋಗುತ್ತದೆ ಅಂದರೆ ನಮ್ಮ ಓಣಿಯ ಕಥೆ ಕೇಳಬೇಕೆ?

ಎಲಿಪ್ಟಿಕಲ್‌ಗೆ ಕರೆಂಟಿನ ಹಂಗಿಲ್ಲ. ಪಾದ ಪೆಡಲ್ ಬಿಟ್ಟು ಏಳುವುದೇ ಇಲ್ಲ, ಕಾಲಿನ ಜೊತೆ ಕೈಯೂ ಹಿಂದೆ ಮುಂದೆ ಆಡುತ್ತದೆ. ಮಂಡಿಗೆ ಹಾಯ್ ಅನಿಸಿತು. ಇದೇ ಬೇಕು ಅಂತ ಹಟ ಹಿಡಿದೆ.

ಟೆಂಪೋದಲ್ಲಿ ಹಾಕಿಕೊಂಡು ಬರುವಾಗ ಚಿತ್ತಾಪುರದಲ್ಲಿ ಚಾ ಕುಡಿಯಲು ನಿಲ್ಲಿಸಿದೆವು. ಅಲ್ಲೊಬ್ಬ ಮುದುಕರು ಮಷೀನಿನ ಸುತ್ತ ಒಂದು ರೌಂಡ್ ಹಾಕಿ ಕೇಳಿದರು, "ಏನ್ರಿ ಇದು, ಎಣ್ಣಿ ತೆಗಿಯೋ ಮಷೀನಾ?"

"ಹೌದ್ರಿ ಯಜಮಾನ್ರ, ನಮ್ಮ ಮನಿಯಾಕಿದೇ ತೆಗಿಬೇಕು" ಅಂದರು ನಮ್ಮವರು. ನಾನು ಅರ್ಧ ಚಾ ಅಲ್ಲೇ ಬಿಟ್ಟು ಹೋಗಿ ಟೆಂಪೋದಲ್ಲಿ ಕೂತೆ.

ಮನೆಯಲ್ಲಿ ಜಾಗ ಮೊದಲೇ ಅಳೆದಿಟ್ಟಿದ್ದೆವು. ಉದ್ದ ಅಳೆದೆವು, ಅಗಲ ಅಳೆದೆವು. ಎತ್ತರ ಅಳೆಯಬೇಕು ಅಂತ ಯಾರಿಗೆ ಹೊಳೆಯಬೇಕು?

ನಮ್ಮದು ಹಳೇ ಮನೆ, ಶಹಾಬಾದ್ ಕಲ್ಲು ಹೊದಿಸಿದ ತಗ್ಗು ಮಾಳಿಗೆಯೇ ಅದರ ಸೂರು. ಪೆಡಲ್ ಮೇಲೆ ನಿಂತರೆ ಮನುಷ್ಯ ಎಷ್ಟು ಮೇಲೇರುತ್ತಾನೆ ಅನ್ನುವುದು ಕಾಲೊನಿಯ ಎತ್ತರದ ಸ್ಲ್ಯಾಬ್ ಕೆಳಗೆ ಗೊತ್ತೇ ಆಗಿರಲಿಲ್ಲ. ಅದಕ್ಕೇ ಈ ಟಣ್.

ಬಗ್ಗಿಕೊಂಡು ತುಳಿದು ನೋಡಿದೆ, ಸೊಂಟ ಹಿಡಿಯಿತು. "ನಾ ಮೊದ್ಲೇ ಹೇಳಿದ್ದಿಲ್ಲೇನು?" ಅಂತ ನಮ್ಮವರು ಶುರು ಮಾಡಿದರು. ಅವರು ಮಾಳಿಗೆಯ ಸುದ್ದಿ ಎಲ್ಲಿ ಎತ್ತಿದ್ದರು, ಹೇಳಿ!

ನನಗೆ ಮಾತ್ರ ಅಳು ತಡೆಯಲಾಗಲಿಲ್ಲ. ದೀಪಾವಳಿ ಹತ್ತಿರ ಬರುತ್ತಿತ್ತು, ಅವ್ವನ ಡಬ್ಬಿ ಕಪಾಟಿನಲ್ಲಿ ಕೂತಿತ್ತು.

ಆಗ ಅತ್ತೆ ಅಂದರು, "ಅಂಗಳದಾಗ ಇಡ್ರಿ ಅದನ್ನ. ಅಲ್ಲೇನು ಮಾಳಿಗಿ ಅದ?"

"ಓಣಿ ಮಂದಿ ಎಲ್ಲಾ ನೋಡ್ತಾರ್ರಿ ಅತ್ತಿ..."

"ನೋಡ್ಲಿ ತಗೋ. ನಾಳಿ ನಿನ್ನ ಮಾತ್ರಿ ಅವ್ರು ನುಂಗ್ತಾರೇನು?"

ಮರುದಿನ ಬೆಳಿಗ್ಗೆ ಬೇವಿನ ಗಿಡದ ಕೆಳಗೆ, ಚೂಡಿದಾರ ಹಾಕಿಕೊಂಡು, ನಾಚಿಕೆಯಿಂದ ಸಾಯುತ್ತಾ ತುಳಿಯಲು ನಿಂತೆ. ಓಣಿಗೆ ಓಣಿಯೇ ಗೇಟಿಗೆ ಬಂತು. ನೀಲಮ್ಮ ಬಾಯಿರೂಢಿಯಲ್ಲಿ ಕೇಳಿಯೇಬಿಟ್ಟರು, "ಎಲ್ಲಿಗೆ ಹೊಂಟೀರಿ ಟೀಚರ್?"

"ಎಲ್ಲೂ ಇಲ್ರಿ, ಇಲ್ಲೇ ಅದೀನಿ. ಬರ್ರಿ, ಕುಂದ್ರಿ, ಚಾ ಕುಡುದು ಹೋಗ್ರಿ!"

ಬಾಗಿಲಿಗೆ ಬಂದವರು ಅವರು, ಹಾಗಾಗಿ ಕುಡಿಯಬೇಕಾದವರೂ ಅವರೇ. ಅತ್ತೆ ಚಾ ಇಟ್ಟರು. ಅವರು ಕುಡಿದರು, ನಾನು ತುಳಿದೆ.

ಆಮೇಲೆ ಅದೇ ದಿನಚರಿ ಆಯಿತು. ನೀಲಮ್ಮ ತಮ್ಮ ಸುಲೇಪೇಟದ ಬೀಗರ ಕಥೆ ಎತ್ತಿದರೆ ಮುಗಿಯುವವರೆಗೆ ನಾನು ಇಳಿಯುವ ಹಾಗಿಲ್ಲ. ಆ ಬೀಗರ ಕಥೆ ಸುಮ್ಮನೆ ಮುಗಿಯುವಂಥದ್ದೂ ಅಲ್ಲ.

ದೀಪಾವಳಿ ಮುಂದೆ ಮತ್ತೆ ರಿಪೋರ್ಟ್ ಬಂತು. ಡಾಕ್ಟರು ಕನ್ನಡಕ ಮೇಲೇರಿಸಿ, "ಸದ್ಯ ಮಾತ್ರಿ ಬ್ಯಾಡ್ರಿ, ಏನ್ ಮಾಡ್ಲಿಕತ್ತೀರಿ ಅದನ್ನೇ ಮಾಡ್ರಿ" ಅಂದರು. ಹೊರಗೆ ಬೆಂಚಿನ ಮೇಲೆ ಕೂತು ಅತ್ತುಬಿಟ್ಟೆ. ನಮ್ಮವರು ಕರ್ಚೀಫ್ ಕೊಟ್ಟು, ಎಲಿಪ್ಟಿಕಲ್ಲೇ ಚಲೋ ಬಿಡು ಅಂತ ಕೊನೆಗೂ ಒಪ್ಪಿಕೊಂಡರು.

ಅದೇ ವಾರ ಅತ್ತೆ, ಇಷ್ಟು ಮಂದಿಗೆ ಚಾ ಮಾಡಬೇಕು, ಏಲಕ್ಕಿ ಹಾಕಿಡಲು ಒಂದು ಡಬ್ಬಿ ಕೊಡು ಅಂದರು. ಕಪಾಟು ತೆಗೆದೆ. ಅವ್ವನ ಡಬ್ಬಿಯನ್ನು ತೊಳೆದು, ಒರೆಸಿ, ಅವರ ಕೈಗಿಟ್ಟೆ.

ಈಗಲೂ ಅದರಲ್ಲಿ ಏಲಕ್ಕಿಯೇ ಇದೆ... ನಮ್ಮ ಓಣಿ ಕಡೆ ಬಂದರೆ ಚಾ ಕುಡಿಯದೆ ಹೋಗುತ್ತೀರೇನು?