ಟವೆಲ್ ಕೆಳಗಿನ ಎರಡು ರೂಮು

ನಮ್ಮ ದೊಡ್ಡಮಾವನ ಬಲಗೈ ತೋರುಬೆರಳು ಯಾವತ್ತೂ ತೋರಿಸಬೇಕಾದ ಕಡೆ ತೋರಿಸಿದ್ದಿಲ್ಲ. ಹರೆಯದಲ್ಲಿ ಒಂದು ಹೋರಿ ಹಗ್ಗ ಎಳೆದ ರಭಸಕ್ಕೆ ಅದು ನಡುಗೆಣ್ಣಿನಲ್ಲಿ ಮುರಿದು, ಎಡಕ್ಕೆ ತಿರುಗಿ ಕೂಡಿಕೊಂಡಿತ್ತು. ನನ್ನನ್ನು ಬೈಯಲು ಬೆರಳೆತ್ತಿದರೆ ಅದು ನನ್ನ ಪಕ್ಕದಲ್ಲಿದ್ದವನನ್ನು ತೋರಿಸುತ್ತಿತ್ತು. ಹೀಗಾಗಿ ನಾನು ಮಾಡಿದ ತಪ್ಪಿಗೆಲ್ಲ ಎದುರುಮನೆಯ ಹುಡುಗ ಅತ್ತಿದ್ದಾನೆ. ಒಮ್ಮೆ ಬಸ್‌ಸ್ಟ್ಯಾಂಡಿನಲ್ಲಿ ಯಾರೋ ದಾರಿ ಕೇಳಿದರೆಂದು ದೊಡ್ಡಮಾವ ಆ ಬೆರಳನ್ನೇ ತೋರಿಸಿದರು. ಆ ಮನುಷ್ಯ ಆಂಧ್ರ ದಾಟಿರಬೇಕು, ತಿರುಗಿ ಬಂದದ್ದನ್ನು ಯಾರೂ ನೋಡಿಲ್ಲ.

ಅವರು ನಮ್ಮವ್ವನ ಹಿರಿಯಣ್ಣ. ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ. ಹೆಂಡತಿ ನಾನು ಹುಟ್ಟುವ ಮೊದಲೇ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಊಟ ನಮ್ಮಲ್ಲಿ, ನಿದ್ದೆ ಅಲ್ಲಿ, ಗೊರಕೆ ಎರಡೂ ಮನೆಗೆ.

ಅವರ ಕೆಲಸ ದನದ ಸಂತೆಯಲ್ಲಿ ದಲಾಲಿ. ಎತ್ತು ಮಾರುವವನಿಗೂ ಕೊಳ್ಳುವವನಿಗೂ ನಡುವೆ ಕೂತು ವ್ಯಾಪಾರ ಕುದುರಿಸುವುದು. ಸಂತೆಯಲ್ಲಿ ರೇಟನ್ನು ಬಾಯಲ್ಲಿ ಹೇಳುವುದಿಲ್ಲ. ಹೆಗಲ ಮೇಲಿನ ಟವೆಲನ್ನು ಕೈಗಳ ಮೇಲೆ ಹೊದಿಸಿ, ಅದರ ಕೆಳಗೆ ಒಬ್ಬರ ಬೆರಳನ್ನು ಇನ್ನೊಬ್ಬರು ಹಿಡಿದು ಲೆಕ್ಕ ಹೇಳಿಕೊಳ್ಳುತ್ತಾರೆ. ಮೇಲೆ ಬಾಯಿಗಳು ಮಗಳ ಮದುವೆ, ಮೆಣಸಿನಕಾಯಿ ಬೆಳೆ ಅಂತ ಏನೋ ಮಾತಾಡುತ್ತಿರುತ್ತವೆ, ಕೆಳಗೆ ಬೆರಳುಗಳು ಕುಸ್ತಿ ಆಡುತ್ತಿರುತ್ತವೆ. ಕೊನೆಗೆ ಇಬ್ಬರೂ ಒತ್ತಿದರೆ ಮುಗಿಯಿತು. ಮರುದಿನ ಎತ್ತು ಕುಂಟಿದರೂ ಮಾತು ಕುಂಟುವಂತಿಲ್ಲ.

"ಕಾಗದ ಹರೀತೈತಿ ಲೇ," ಅನ್ನುತ್ತಿದ್ದರು ದೊಡ್ಡಮಾವ. "ಒತ್ತಿದ ಬೆರಳು ಹರಿಯಂಗಿಲ್ಲ."

ಇನ್ನೊಂದು ಚಟವೂ ಇತ್ತು. ಯಾರು ಎದುರು ಬಂದರೂ ಮೊದಲು ಹಲ್ಲು ನೋಡುವುದು. ಎತ್ತಿನ ವಯಸ್ಸು ಹಲ್ಲಿನಲ್ಲಿರುತ್ತದಲ್ಲ, ಹಾಗೆ. ನಮ್ಮ ಅಕ್ಕನನ್ನು ನೋಡಲು ಬಂದ ಗಂಡು ನಾಚಿಕೊಂಡು ಬಾಯಿ ಮುಚ್ಚಿ ಕೂತಿದ್ದಕ್ಕೆ, ಅವನು ನಗುವ ತನಕ ಇವರು ಜೋಕು ಹೇಳಿದರು. ಅವನು ನಕ್ಕ ಮೇಲೆ ಒಳಗೆ ಬಂದು, "ಹಲ್ಲೆಲ್ಲ ಬಂದು ಬಾಯಿ ಕೂಡೈತಿ, ವಯಸ್ಸು ಹೇಳಿದ್ದಕ್ಕಿಂತ ಜಾಸ್ತಿ ಐತಿ," ಎಂದು ವರದಿ ಒಪ್ಪಿಸಿದರು.

ಇಂಥ ಮನುಷ್ಯನಿಗೆ ಒಂದೇ ಒಂದು ವ್ಯಾಪಾರ ಮಾತ್ರ ಕುದುರಿರಲಿಲ್ಲ. ಅದು ಅವರ ಸ್ವಂತ ತಮ್ಮ, ತಂಗಿಯದು. ತಮ್ಮ ಅಂದರೆ ನನ್ನ ಸಿರುಗುಪ್ಪದ ಮಾವ, ಅಕ್ಕಿ ಗಿರಣಿಯ ಮ್ಯಾನೇಜರು. ತಂಗಿ ಅಂದರೆ ಕುರುಗೋಡಿನ ಚಿಗವ್ವ. ಚಿಗವ್ವನ ಮಗಳ ಮದುವೆಯಲ್ಲಿ ಊಟಕ್ಕೆ ಕರೆಯುವಾಗ ಗಡಿಬಿಡಿಯಾಗಿ, ಹೆಣ್ಣಿನ ಸೋದರಮಾವನಾದ ಸಿರುಗುಪ್ಪದ ಮಾವನಿಗೆ ಎರಡನೇ ಪಂಕ್ತಿಯಲ್ಲಿ ಎಲೆ ಹಾಕಿದರು. ಅವರು ಎಲೆ ಮಡಚಿಟ್ಟು ಎದ್ದು ಹೋದರು. ಆಗಿನಿಂದ "ಅವ್ಳು ಮೊದ್ಲು ನಮ್ಮ ಮನಿಗೆ ಬರ್ಲಿ," ಅಂತ ಅವರು, "ಎದ್ದು ಹೋದವ್ನು ಮೊದ್ಲು ಬರ್ಲಿ," ಅಂತ ಇವರು. ನಡುವೆ ದೊಡ್ಡಮಾವ ಸಿರುಗುಪ್ಪಕ್ಕೂ ಕುರುಗೋಡಿಗೂ ಓಡಾಡಿದ ಬಸ್ಸುಗಳ ಟೈರೆಲ್ಲ ಕೂಡಿಸಿದರೆ ಗಣಿ ಲಾರಿಗಳಿಗೆ ಸ್ಟೆಪ್ನಿ ಆಗುತ್ತಿತ್ತು.

ಹೀಗಿರುವಾಗ ಪೆಟ್ರೋಲ್ ಬಂಕಿನಲ್ಲಿ ಯಾವುದೋ ಡಬ್ಬಿಯೊಳಗೆ ಅವರು ಹಾಕಿದ ಕೂಪನ್ನಿಗೆ ಫೋನು ಬಂತು. ಕುಕ್ಕರ್ ಗಿಫ್ಟ್ ಬಂದಿದೆ, ಕಂಟೋನ್ಮೆಂಟಿನ ಹೋಟೆಲಿಗೆ ಜೋಡಿಯಾಗಿ ಬನ್ನಿ ಅಂತ.

"ಜೋಡಿ ಇಲ್ಲಬೇ ತಂಗಿ, ಒಂಟೆತ್ತು ಅದೀನಿ," ಅಂದರು ದೊಡ್ಡಮಾವ.

ಫ್ಯಾಮಿಲಿಯಾದರೂ ಸರಿ ಎಂದಳು ಹುಡುಗಿ. ಇವರು ಸಿರುಗುಪ್ಪಕ್ಕೆ ಬೇರೆ, ಕುರುಗೋಡಿಗೆ ಬೇರೆ ಫೋನು ಮಾಡಿ, ಒಬ್ಬರು ಬರುವುದನ್ನು ಇನ್ನೊಬ್ಬರಿಗೆ ಹೇಳದೆ, ಇಬ್ಬರನ್ನೂ ಕುಕ್ಕರಿನ ಆಸೆಗೆ ಕರೆಸಿದರು. ನಾನು ಇಂಗ್ಲಿಷ್ ಓದುವವನೆಂದು ಜೊತೆಗೆ ಹೋದೆ. ಪಿಯುಸಿಯಲ್ಲಿ ನನ್ನ ಇಂಗ್ಲಿಷಿಗೆ ಬಂದ ಅಂಕ ಇಲ್ಲಿ ಅಪ್ರಸ್ತುತ.

ಒಂದೇ ದುಂಡು ಟೇಬಲ್. ಒಂದು ಕಡೆ ಸಿರುಗುಪ್ಪದ ಮಾವ ಸೀಲಿಂಗ್ ನೋಡುತ್ತಿದ್ದಾರೆ, ಇನ್ನೊಂದು ಕಡೆ ಚಿಗವ್ವ ನೆಲ ನೋಡುತ್ತಿದ್ದಾರೆ. ನಡುವೆ ಟೈ ಕಟ್ಟಿಕೊಂಡ ಒಬ್ಬ ಸೇಲ್ಸ್‌ನವನು. ದೊಡ್ಡಮಾವ ಅವನ ಬಾಯನ್ನೇ ನೋಡಿ ನನ್ನ ಕಿವಿಯಲ್ಲಿ, "ಇನ್ನೂ ಹಾಲ್ಹಲ್ಲು," ಅಂದರು.

ಅವನು ವಿವರಿಸಿದ. ಒಮ್ಮೆ ದುಡ್ಡು ಕಟ್ಟಿದರೆ ವರ್ಷವರ್ಷವೂ ಇಷ್ಟು ಪಾಯಿಂಟ್ಸು ಬರುತ್ತವೆ. ಆ ಪಾಯಿಂಟ್ಸು ಖರ್ಚು ಮಾಡಿ ಅವರ ಯಾವ ರೆಸಾರ್ಟಿನಲ್ಲಾದರೂ ರೂಮು ಹಿಡಿಯಬಹುದು. ಆದರೆ ಒಂದನ್ನು ನಮ್ಮದು ಅಂತ ಆರಿಸಿಕೊಳ್ಳಬೇಕು, ಅದು ಹೋಮ್ ರೆಸಾರ್ಟ್. ಅಲ್ಲಿ ಬುಕಿಂಗು ನಮಗೆ ಮೊದಲು ಸಿಗುತ್ತದೆ. ಬೇರೆ ಕಡೆಯಾದರೆ ಅಲ್ಲಿನವರು ಹಿಡಿದು ಉಳಿದದ್ದು ನಮಗೆ. ಆರಿಸಲು ಮೂರು ಫೋಟೋ ಇಟ್ಟ: ಗುಡ್ಡದ್ದೊಂದು, ಸಮುದ್ರದ್ದೊಂದು, ಹೊಸಪೇಟೆ ಆಚೆ ತುಂಗಭದ್ರೆಯ ಹಿನ್ನೀರಿನದೊಂದು. ಮೂರನೆಯದು ಫೋಟೋ ಅಲ್ಲ, ಚಿತ್ರ. ಇನ್ನೂ ಕಟ್ಟುತ್ತಿದ್ದಾರಂತೆ.

ಸಿರುಗುಪ್ಪದ ಮಾವ ಸೀಲಿಂಗಿನಿಂದ ಇಳಿದರು. "ಸಾರ್, ಗುಡ್ಡದ್ದೇ ಇರ್ಲಿ. ನಮ್ಮೂರ ಬಿಸ್ಲಿಗೆ ಚೀಲದಾಗಿನ ಭತ್ತ ತಾನ ಮಂಡಕ್ಕಿ ಆಗ್ತೈತಿ. ತಂಪು ಬೇಕು."

ಚಿಗವ್ವನೂ ಟೈ ಕಡೆಗೇ ತಿರುಗಿದರು. "ಸಾರ್, ಗುಡ್ಡ ಹತ್ತಾಕ ಮೊಳಕಾಲು ಇರ್ಬೇಕಲ್ರಿ. ಸಮುದ್ರ ಹಾಕ್ರಿ. ಅಲ್ಲಿ ಕುಂತಲ್ಲೇ ನೀರು ಕಾಲಿಗೆ ಬರ್ತೈತಿ."

"ಹೌದ್ ಬಿಡ್ರಿ ಸಾರ್, ಕೆಲವ್ರಿಗೆ ಎಲ್ಲಾ ಕುಂತಲ್ಲೇ ಬರ್ಬೇಕು. ಬ್ಯಾರೇದವ್ರು ಮಾತ್ರ ಎರಡನೇ ಪಂಕ್ತಿಗೆ ಕಾಯ್ಬೇಕು."

"ಕಾಯ್ದಿದ್ರ ಹೋಳಿಗಿ ಸಿಗ್ತಿತ್ತು ಅಂತ ಹೇಳ್ರಿ ಸಾರ್ ಅವ್ರಿಗೆ."

ಟೈ ಗಾಬರಿಯಾಗಿ, "ಮೇಡಂ, ನಮ್ಮಲ್ಲಿ ಪಂಕ್ತಿ ಇರಲ್ಲ. ಎಲ್ಲಾ ಬಫೆ," ಅಂದ.

ದೊಡ್ಡಮಾವ ಕುರ್ಚಿಯಲ್ಲಿ ಮುಂದಕ್ಕೆ ಸರಿದರು. "ಬಫೆ ಅಂದ್ರ ಯಾರಿಗೆ ಬೇಕೋ ಅವ್ರ ಹಾಕ್ಕೊಂಡು ಉಣ್ಣೋದಲ್ಲ? ಊಟಕ್ಕ ಕರಿಯೋರು ಯಾರು?"

"ಯಾರೂ ಕರೆಯಲ್ಲ ಸರ್."

"ಮತ್ತ ಮನಿ ಯಾರ್ದು?"

"ನಿಮ್ಮದೇ ಸರ್. ಅಂದ್ರೆ, ಎಲ್ಲಾರ್ದೂ."

ದೊಡ್ಡಮಾವ ಫೋಟೋಗಳನ್ನು ಹತ್ತಿರ ಎಳೆದುಕೊಂಡು ನೋಡಿದರು. ನನಗೆ ಆಮೇಲೆ ತಿಳಿಯಿತು, ಅವರು ರೂಮು ನೋಡುತ್ತಿರಲಿಲ್ಲ, ಈಜುಕೊಳ ನೋಡುತ್ತಿರಲಿಲ್ಲ. ಭೂಮಿಯ ಮೇಲೆ ಅತಿಥಿಯೂ ಇಲ್ಲದ, ಯಜಮಾನನೂ ಇಲ್ಲದ ಒಂದು ಮನೆ ಅವರಿಗೆ ಮೊದಲ ಸಲ ಕಂಡಿತ್ತು. ಅಲ್ಲಿಗೆ ಇಬ್ಬರೂ ಬಂದರೆ ಯಾರೂ ಯಾರ ಮನೆಗೂ ಮೊದಲು ಹೋದಂತಾಗುವುದಿಲ್ಲ.

ಈಗ ಯಾವುದನ್ನು ಆರಿಸಬೇಕು? ಗುಡ್ಡ ಅಂದರೆ ತಮ್ಮ ಗೆದ್ದ, ಸಮುದ್ರ ಅಂದರೆ ತಂಗಿ ಗೆದ್ದಳು. ದೊಡ್ಡಮಾವ ಮೂರನೆಯದರ ಮೇಲೆ ಬೆರಳಿಟ್ಟರು. ಬೆರಳು ಸಮುದ್ರವನ್ನು ತೋರಿಸಿದ್ದರಿಂದ ಟೈ ಅದನ್ನೇ ಬರೆಯಲು ಹೋದ. ನಾನು ತಿದ್ದಿದೆ.

ಆಮೇಲೆ ಹೆಗಲಿಂದ ಟವೆಲ್ ತೆಗೆದರು. ಟೈ ಕಟ್ಟಿದವನ ಕೈ ಎಳೆದುಕೊಂಡು ಅದರ ಮೇಲೆ ಹೊದಿಸಿದರು. ಹುಡುಗನ ಮುಖ ಬೆಳ್ಳಗಾಯಿತು. ಅವನ ಜೊತೆಗಾರರು ನಗುತ್ತ ಮೊಬೈಲು ಹಿಡಿದು ವಿಡಿಯೋ ಮಾಡಿದರು. ದೊಡ್ಡಮಾವ ಮಾತ್ರ ಸಂತೆಯಲ್ಲಿ ಕೂತಂತೆ ಎತ್ತಲೋ ನೋಡುತ್ತ, "ನಿಮ್ದು ಯಾವೂರಪ, ಅಪ್ಪ ಏನ್ ಮಾಡ್ತಾರ," ಅಂತ ಕೇಳುತ್ತಿದ್ದರು. ಎತ್ತಿನ ಕೊಂಬು ಹಿಡಿದ ಕೈ ಅದು. ಹುಡುಗ ನೋವಿಗೆ ತಿರುಗಿ ಒತ್ತಿದ. ದೊಡ್ಡಮಾವನಿಗೆ ಅಷ್ಟು ಸಾಕಾಯಿತು.

"ಎರಡು ರೂಮು ಕೇಳ್ದೆ," ಅಂತ ಮನೆಗೆ ಬರುವಾಗ ಆಟೋದಲ್ಲಿ ಹೇಳಿದರು. "ವರ್ಸಾ ಬ್ಯಾಸಿಗ್ಯಾಗ, ಒಂದೇ ದಿನಕ್ಕ. ಹುಡುಗ ಒತ್ತ್ಯಾನ."

ಜೀವಮಾನದ ದಲಾಲಿ ಉಳಿತಾಯ ಅದಕ್ಕೆ ಹೋಯಿತು. ಕುಕ್ಕರ್ ಒಂದೇ ಕೊಟ್ಟರು. ತಮ್ಮನೂ ತಂಗಿಯೂ ಅದನ್ನು ಒಲ್ಲೆ ಅಂದಿದ್ದರಿಂದ ಅದರಲ್ಲಿ ಈಗ ನಮ್ಮವ್ವ ಬೇಳೆ ಬೇಯಿಸುತ್ತಾಳೆ.

ಮರುದಿನ ನಾನು ಆ ಕಾಗದಗಳನ್ನು ಓದಿದೆ. ಕೈಯಲ್ಲಿ ಡಿಕ್ಷನರಿ, ಮುಖದಲ್ಲಿ ವಕೀಲರ ಗತ್ತು. ಎರಡು ರೂಮಿನ ಮಾತು ಎಲ್ಲೂ ಇರಲಿಲ್ಲ. ರೆಸಾರ್ಟು ಯಾವಾಗ ಮುಗಿಯುತ್ತದೆ ಎಂಬ ಮಾತೂ ಇರಲಿಲ್ಲ. ಮನಸ್ಸು ಬದಲಾದರೆ ಕೆಲವು ದಿನದೊಳಗೆ ರದ್ದು ಮಾಡಬಹುದು ಎಂಬ ಮಾತು ಮಾತ್ರ ಇರುವೆ ಗಾತ್ರದ ಅಕ್ಷರದಲ್ಲಿತ್ತು.

"ಮಾವ, ಇನ್ನೂ ಟೈಮ್ ಐತಿ. ಒಂದು ಮೇಲ್ ಹಾಕಿದ್ರ ರೊಕ್ಕ ವಾಪಸ್ ಬರ್ತೈತ್ರಿ."

"ಬೆರಳು ಕೊಟ್ಟೀನಲ್ಲಲೇ."

"ಅವಂಗ ಬೆರಳಿಂದು ಏನ್ ಗೊತ್ರಿ? ಕೈ ನೋವಾಗಿ ಒತ್ತ್ಯಾನ."

"ಗೊತ್ತಿರ್ಲಿ ಬಿಡ್ಲಿ, ಒತ್ತ್ಯಾನ. ನಾ ಹಿಂದಕ ಸರಿದ್ರ ಸಂತ್ಯಾಗ ನನ್ ಟವೆಲ್ ಕೆಳಗ ಯಾರ್ ಕೈ ಇಡ್ತಾರ?"

ಸಂತೆಯೇ ಉಳಿದಿರಲಿಲ್ಲ. ಟ್ರ್ಯಾಕ್ಟರು ಬಂದ ಮೇಲೆ ಅಲ್ಲಿ ಎತ್ತುಗಳಿಗಿಂತ ದಲ್ಲಾಳಿಗಳೇ ಹೆಚ್ಚಿದ್ದರು. ಅದನ್ನು ಹೇಳಲು ನಾನು ಬಾಯಿ ತೆರೆದೆ. ಅವರು ನನ್ನ ಹಲ್ಲು ನೋಡುತ್ತಿದ್ದರು. ಮುಚ್ಚಿಕೊಂಡೆ.

ಒಂದು ಭಾನುವಾರ ನನ್ನನ್ನು ಕಟ್ಟಿಕೊಂಡು ಹಿನ್ನೀರಿನ ದಂಡೆಗೆ ಹೋದರು. ರೆಸಾರ್ಟು ಇರಬೇಕಾದ ಜಾಗದಲ್ಲಿ ಒಂದು ಕಮಾನು ಇತ್ತು. ವೆಲ್‌ಕಂ ಅಂತ ಬರೆದಿತ್ತು. ಕಮಾನಿನ ಆಚೆಗೂ ಈಚೆಗೂ ಒಂದೇ ಬಯಲು, ಒಂದೇ ಜಾಲಿಗಿಡ, ಒಂದೇ ಮೇಕೆ. ಮೇಕೆ ಕಮಾನಿನೊಳಗಿಂದಲೇ ಹಾದು ಹೋಯಿತು, ಅದಕ್ಕೆ ಮೆಂಬರ್‌ಶಿಪ್ ಇದ್ದಿರಬೇಕು.

ನಾನು ನಕ್ಕೆ. ಅವರು ನಗಲಿಲ್ಲ. ಒಂದು ಕಡ್ಡಿ ತಗೊಂಡು, ತಮ್ಮನಿಗೊಂದು ತಂಗಿಗೊಂದು ಅಂತ ನೆಲದ ಮೇಲೆ ಎರಡು ಚೌಕ ಗೀಚಿದರು. ಒಂದರ ಬಾಗಿಲಿಗೆ ಎದುರಾಗಿ ಇನ್ನೊಂದರ ಬಾಗಿಲು.

"ಬಾಗ್ಲು ಹಿಂಗ ಎದುರು-ಬದುರು ಇರ್ಬೇಕು," ಅಂದರು. "ಮುಂಜಾನಿ ಚಾಕ್ಕ ಇಬ್ರೂ ಒಂದೇ ಸಲ ಬಾಗ್ಲು ತಗೀಬೇಕು. ಯಾರೂ ಮೊದ್ಲಲ್ಲ. ತಿಳೀತೇನಲೇ?"

ತಿಳಿಯಿತು ಅಂದೆ. ಬಸ್ಸು ಬರುವವರೆಗೆ ಆ ಎರಡು ಚೌಕದ ನಡುವೆ ನಿಂತಿದ್ದೆವು. ಮೇಕೆ ತಿರುಗಿ ಬಂದು ಚಿಗವ್ವನ ರೂಮನ್ನು ತುಳಿದು ಹೋಯಿತು.

ಬೇಸಿಗೆಗೆ ನಾನೇ ಫೋನು ಮಾಡಿದೆ. ಆ ಕಡೆಯ ಹುಡುಗಿ ಜೇನು ಸುರಿದಂತೆ ಮಾತಾಡಿದಳು. ನಮ್ಮ ಹೋಮ್ ರೆಸಾರ್ಟು ಇನ್ನೂ ಆಗಿಲ್ಲ, ಹಾಗಾಗಿ ಮೊದಲ ಬುಕಿಂಗು ನಮಗೆ ಎಲ್ಲಿಯೂ ಇಲ್ಲ. ಗುಡ್ಡದವರು ಗುಡ್ಡ ಹಿಡಿದಿದ್ದಾರೆ, ಸಮುದ್ರದವರು ಸಮುದ್ರ. ಗುಡ್ಡದಲ್ಲಿ ಉಳಿದಿರುವುದು ಒಂದೇ ರೂಮು. ದೊಡ್ಡಮಾವ ಫೋನು ಕಸಿದುಕೊಂಡು, "ಕೈ ಕೊಟ್ಟಿದ್ನಲ್ಲ, ಆ ಹುಡುಗಂಗ ಕೊಡ್ರಿ ತಾಯಿ," ಅಂದರು. ಅವನು ಕೆಲಸ ಬಿಟ್ಟಿದ್ದ.

ಒಂದು ರೂಮಿನ ಸುದ್ದಿ ಹೊತ್ತುಕೊಂಡು ದೊಡ್ಡಮಾವ ಮತ್ತೆ ಬಸ್ಸು ಹತ್ತಿದರು. "ಗುಡ್ಡ ಸಿಕ್ಕೈತಂದ್ರ ಕೇಳಿದವ್ರಿಗೆ ಕೊಡು, ನಾವು ಎರಡನೇ ಪಂಕ್ತಿಯವ್ರಾಗ್ತೀವಿ," ಅಂದರಂತೆ ಚಿಗವ್ವ. "ಅವ್ಳು ಬ್ಯಾಡಂದ ರೂಮು ನನಗ್ಯಾಕ," ಅಂದರಂತೆ ಸಿರುಗುಪ್ಪದ ಮಾವ. ರೂಮು ಯಾರಿಗೂ ಬೇಡವಾಯಿತು. ಆ ವರ್ಷದ ಪಾಯಿಂಟ್ಸು ಹಾಗೇ ಸತ್ತವು. ಮುಂದಿನ ವರ್ಷದವು ಸಾಯುವುದಕ್ಕೆ ಮೊದಲೇ ದೊಡ್ಡಮಾವ ಸತ್ತರು. ಮಧ್ಯಾಹ್ನ ಉಂಡು, ಗೋಡೆಯಾಚೆ ಮಲಗಿದರು. ಸಂಜೆಯಾದರೂ ಗೊರಕೆ ಕೇಳಿಸದೆ ಇದ್ದಾಗ ಅವ್ವ ನನ್ನನ್ನು ಕಳಿಸಿದಳು.

ಸಾವಿನ ಮನೆಗೆ ಯಾರೂ ಕರೆಯುವುದಿಲ್ಲ, ಯಾರೂ ಮೊದಲಲ್ಲ. ಇಬ್ಬರೂ ಬಂದರು. ಅಂತೂ ದೊಡ್ಡಮಾವನಿಗೆ ಬೇಕಾಗಿದ್ದ ರೆಸಾರ್ಟು ಅವರ ಮನೆಯೇ ಆಯಿತು, ಬುಕಿಂಗೂ ಸಿಕ್ಕಿತು ಅಂತ ನಾನು ಎದುರುಮನೆಯ ಹುಡುಗನ ಕಿವಿಯಲ್ಲಿ ಹೇಳಿದೆ. ಅವನು ನಗಲಿಲ್ಲ. ನನಗೂ ನಗಲಾಗಲಿಲ್ಲ.

ತಿಥಿಯ ದಿನ ಅಂಗಳದಲ್ಲಿ ಎಲೆ ಹಾಕಿದರು. "ಅವ್ಳನ್ನ ಮೊದ್ಲ ಪಂಕ್ತಿಗೆ ಕುಂದರ್ಸಲೇ," ಅಂದರು ಸಿರುಗುಪ್ಪದ ಮಾವ, ನನಗೆ. "ಅವ್ರು ಮೊದ್ಲು ಕುಂದರ್ಲಿ, ಆಮ್ಯಾಲೆ ಎದ್ದು ಹೋದ್ರು ಅನ್ನಿಸ್ಕೊಳ್ಳೋದು ಬ್ಯಾಡ," ಅಂದರು ಚಿಗವ್ವ, ಅವರೂ ನನಗೆ. ಈಗ ನಾನೇ ಟೈ. ಅನ್ನ ಆರುತ್ತಿತ್ತು. ನೆಂಟರೆಲ್ಲ ಎಲೆ ಮುಂದೆ ಕೂತು ನೀರು ಚಿಮುಕಿಸಿಕೊಂಡು ಇವರನ್ನೇ ನೋಡುತ್ತಿದ್ದರು.

ಗೂಟದಲ್ಲಿ ದೊಡ್ಡಮಾವನ ಟವೆಲ್ ಇತ್ತು. ತಗೊಂಡು ಬಂದೆ. ಕಟ್ಟೆಯ ಮೇಲೆ ದೂರ ದೂರ ಕೂತಿದ್ದ ಇಬ್ಬರ ನಡುವೆ ಕೂತು, ಮಾವನ ಕೈಯನ್ನು ಚಿಗವ್ವನ ಕೈಯ ಮೇಲಿಟ್ಟು, ಟವೆಲ್ ಹೊದಿಸಿದೆ. ಎಲ್ಲರೆದುರು ಇಬ್ಬರೂ ಕೈ ಎಳೆದುಕೊಳ್ಳಲಿಲ್ಲ. ನಾನು ದೊಡ್ಡಮಾವ ಕಲಿಸಿದಂತೆ ಎತ್ತಲೋ ನೋಡುತ್ತ, "ಕುರುಗೋಡಾಗ ಮೆಣಸಿನಕಾಯಿ ಹೆಂಗೈತಿ ಚಿಗವ್ವ," ಅಂದೆ.

"ನೋಡ್ರಿ, ದೊಡ್ಡವ್ರು ಹೋಗಿ ಇಬ್ರನ್ನೂ ಕೂಡಿಸಿದ್ರು," ಅಂತ ಹಿಂದೆ ಯಾರೋ ಮೂಗು ಒರೆಸಿಕೊಂಡರು. ಅವ್ವನೂ ಅತ್ತಳು. ಟವೆಲ್ ನೋಡಿದವರಿಗೆಲ್ಲ ವ್ಯಾಪಾರ ಕುದುರಿದಂತೆಯೇ ಕಂಡಿರಬೇಕು.

ಕೆಳಗೆ ಏನಾಗುತ್ತಿದೆ ಎಂದು ಗೊತ್ತಿದ್ದದ್ದು ಮೂರೇ ಜನಕ್ಕೆ. ನನ್ನ ಕೈಯೂ ಅಲ್ಲೇ ಇತ್ತು. ಎರಡು ತಣ್ಣನೆಯ ಕೈಗಳು ಒಂದರ ಮೇಲೊಂದು ಬಿದ್ದಿದ್ದವು, ಮೊದಲು ಆ ಕಡೆಯವರು ಒತ್ತಲಿ ಅಂತ ಕಾಯುತ್ತ. ಅನ್ನ ಪೂರ್ತಿ ಆರುವ ತನಕ ನಾನು ಟವೆಲ್ ಹಿಡಿದು ಕೂತಿದ್ದೆ. ಒಂದು ಬೆರಳೂ ಅಲುಗಲಿಲ್ಲ.