ಚಿಕ್ಕಮ್ಮನಿಗೆ ಒಪ್ಪಿಸಿದ ಪಾಠ

ನೀರಲ್ಲಿ ನೆನೆದ ಬೀಡಿ ಎಲೆಯ ವಾಸನೆ ಈಗಲೂ ಎಲ್ಲಿಂದಲೋ ಬಂದು ಮೂಗಿಗೆ ಬಡಿಯುತ್ತದೆ, ಬೀಡಿ ಕಟ್ಟುವವರು ಹತ್ತಿರದಲ್ಲಿ ಯಾರೂ ಇಲ್ಲದಾಗಲೂ. ಆಗ ವಿಟ್ಲದ ನಮ್ಮ ಹಂಚಿನ ಮನೆಯ ಜಗಲಿ ಕಣ್ಣೆದುರು ಬರುತ್ತದೆ. ಮಡಿಲಲ್ಲಿ ತಡ್ಪೆ ಎಂಬ ಮೊರ ಇಟ್ಟುಕೊಂಡು, ಎಲೆ ಕತ್ತರಿಸಿ, ಹೊಗೆಸೊಪ್ಪು ತುಂಬಿ ಸುರುಳಿ ಸುತ್ತುತ್ತಿದ್ದ ಚಿಕ್ಕಮ್ಮ ಬರುತ್ತಾಳೆ. ಅಮ್ಮನ ತಂಗಿ, ಏಳನೇ ತರಗತಿಗೇ ಶಾಲೆ ಬಿಟ್ಟವಳು. ಆ ಮನೆಯನ್ನು ಕೊಂಡವರು ಕೆಡವಿ ಬಹಳ ಕಾಲವಾಯಿತು. ಆದರೂ ಆ ವಾಸನೆ ಬಂದರೆ ಪಾಠ ಒಪ್ಪಿಸುವ ಹೊತ್ತಾಯಿತೇನೋ ಎಂಬಂತೆ ಕೂತಲ್ಲೇ ನೆಟ್ಟಗಾಗುತ್ತೇನೆ.

ನಾನಾಗ ಆರನೇ ತರಗತಿ. ಕಲಿಯುವುದು, ಕಲಿಸುವುದರ ಬಗ್ಗೆ ಇಂಗ್ಲಿಷ್ ಟೀಚರ್ ಜೋಡಿ ಪದಗಳ ದೊಡ್ಡ ಪಟ್ಟಿಯನ್ನೇ ಬರೆಸಿದ್ದರು. ಹೋಮ್‌ವರ್ಕಿಗೆ 'ಡೂ', ಮಿಸ್ಟೇಕಿಗೆ 'ಮೇಕ್', ನೋಟ್ಸಿಗೆ 'ಟೇಕ್'. ನಮಗೋ ಹೋಮ್‌ವರ್ಕ್ ಮಾಡುವುದೂ ತಪ್ಪು ಮಾಡುವುದೂ ಒಂದೇ 'ಮಾಡು'. ಈ ಇಂಗ್ಲಿಷಿನವರಿಗೇಕೆ ಇಷ್ಟು ರಗಳೆ ಎಂದು ಸಿಟ್ಟು ಬರುತ್ತಿತ್ತು. ಸಂಜೆ ಅದನ್ನೆಲ್ಲ ಚಿಕ್ಕಮ್ಮನಿಗೆ ಒಪ್ಪಿಸಬೇಕು. ಅವಳ ಕೈಗೆ ಬಿಡುವಿರಲಿಲ್ಲ, ಕಿವಿಗೆ ಇತ್ತು. ಪೇಟೆಯಲ್ಲಿ ಹೊಸದಾಗಿ ತೆರೆದ ಇಂಗ್ಲಿಷ್ ಮೀಡಿಯಂ ಶಿಶುವಿಹಾರದಲ್ಲಿ ಆಯಾ ಕೆಲಸ ಸಿಕ್ಕಿದರೆ ಬೀಡಿ ಬಿಟ್ಟು ಮಕ್ಕಳ ಜೊತೆ ಇರಬಹುದು ಎಂಬ ಆಸೆ ಅವಳಿಗೆ. ನಾನು ಹೇಳಿದ್ದನ್ನೆಲ್ಲ ತುಟಿಯಲ್ಲೇ ಗುಣುಗಿಕೊಳ್ಳುತ್ತಿದ್ದಳು. ಒಂದು ದಿನ ಆ ಪಟ್ಟಿಯಲ್ಲಿದ್ದ ಒಂದನ್ನು ಹಿಡಿದು, "ಸ್ಕಿಪ್ ದ ಕ್ಲಾಸ್ ಅಂದ್ರೆ ಎಂತ ಮಾರಾಯ್ತಿ?" ಎಂದು ಕೇಳಿದಳು. ಅದರ ಅರ್ಥ ನಾನು ಕಲಿತಿರಲಿಲ್ಲ. ಹೊರಗೆ ಗೆಳತಿಯರು ಆಡಲು ಕರೆಯುತ್ತಿದ್ದರು. "ದಿನಾ ತಪ್ಪದೆ ಕ್ಲಾಸಿಗೆ ಹೋಗುವುದು" ಎಂದು ಬಾಯಿಗೆ ಬಂದದ್ದು ಹೇಳಿ ಓಡಿದೆ. ಮರುದಿನ ಶಾಲೆಯಲ್ಲಿ ಸರಿಯಾದ ಅರ್ಥ ತಿಳಿಯಿತು: ಕ್ಲಾಸಿಗೆ ಚಕ್ಕರ್ ಹಾಕುವುದು. ಅದನ್ನು ಮನೆಗೆ ಬಂದು ಹೇಳಲಿಲ್ಲ.

ಕೆಲಸ ಕೇಳಲು ಶಿಶುವಿಹಾರಕ್ಕೆ ಹೋಗುವಾಗ ಧೈರ್ಯಕ್ಕೆಂದು ನನ್ನನ್ನೂ ಕರೆದುಕೊಂಡು ಹೋದಳು. ಅಲ್ಲಿನ ಮೇಡಂ ಇಂಗ್ಲಿಷಿನಲ್ಲಿ, ದಿನಾ ಬರಲು ಆಗುತ್ತದೆಯೇ ಎಂದು ವಿಚಾರಿಸಿದರು. ಚಿಕ್ಕಮ್ಮ ಸೆರಗು ಸರಿ ಮಾಡಿಕೊಂಡು, "ಯೆಸ್ ಮೇಡಂ, ಐ ವಿಲ್ ಸ್ಕಿಪ್ ದ ಕ್ಲಾಸ್ ಎವ್ರಿ ಡೇ" ಎಂದಳು. ಅಲ್ಲಿದ್ದವರೆಲ್ಲ ನಕ್ಕರು. ಮೆಚ್ಚಿಕೊಂಡರೆಂದು ತಿಳಿದು ಅವಳೂ ನಕ್ಕಳು. ಅವಳ ಆ ನಗು ನನ್ನನ್ನು ಇವತ್ತಿಗೂ ಬಿಟ್ಟಿಲ್ಲ; ನಡುರಸ್ತೆಯಲ್ಲಿ, ಅಡುಗೆಮನೆಯಲ್ಲಿ ಇದ್ದಕ್ಕಿದ್ದಂತೆ ಕೇಳಿಸುತ್ತದೆ. ವಾಪಸು ಬರುವಾಗ, "ಅವರು ಯಾಕೆ ನಗಾಡಿದ್ದು?" ಎಂದಳು. "ನಂಗೆ ಗೊತ್ತಿಲ್ಲ" ಎಂದೆ. ಕೆಲಸ ಬೇರೆ ಯಾರಿಗೋ ಸಿಕ್ಕಿತು. ಚಿಕ್ಕಮ್ಮ ಮತ್ತೆಲ್ಲೂ ಕೇಳಲು ಹೋಗಲಿಲ್ಲ, ಬೀಡಿ ಕಟ್ಟುತ್ತಲೇ ಉಳಿದಳು.

ನಾನು ಕಡೆಗೆ ಇಂಗ್ಲಿಷ್ ಟೀಚರೇ ಆದೆ. ಹೋದ ವರ್ಷ ಅವಳು ಹಾಸಿಗೆ ಹಿಡಿದಾಗ ತಡೆಯಲಾರದೆ ಎಲ್ಲ ಹೇಳಿಬಿಟ್ಟೆ. "ನಂಗೆ ಅದೇ ವರ್ಷ ಗೊತ್ತಾಗಿತ್ತು" ಎಂದಳು. "ಹೇಳಿದ್ರೆ ಮತ್ತೆ ನೀನು ಪಾಠ ಒಪ್ಪಿಸ್ಲಿಕ್ಕೆ ಬರ್ತಿರ್ಲಿಲ್ಲ." ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಅವಳು ಹೋದ ಮೇಲೆ ಆ ಸಂಜೆಗಳನ್ನು ಒಂದೊಂದಾಗಿ ನೆನಪು ಮಾಡಿಕೊಂಡೆ. ಹತ್ತನೇ ತರಗತಿಯವರೆಗೂ ಅವಳ ಮುಂದೆ ಕೂತು ಪಾಠ ಒಪ್ಪಿಸಿದ್ದೆ. ಶಿಶುವಿಹಾರಕ್ಕೆ ಹೋಗಿ ಬಂದ ಆ ದಿನದ ನಂತರ ಅವಳು ಒಂದೇ ಒಂದು ಪದಕ್ಕೂ ನನ್ನ ಹತ್ತಿರ ಅರ್ಥ ಕೇಳಿರಲಿಲ್ಲ.